ಬುಲೆಟ್ ಕ್ಲಚ್‌ನ ಸದ್ದು: ಕವರ್ ಬಿಚ್ಚುವ ಮುನ್ನ ಕೇಳಿ ನೋಡಬೇಕಾದ್ದು

ಹಳೆಯ ಕಾಸ್ಟ್ ಐರನ್ ಬುಲೆಟ್‌ನ ಎಡಗಡೆಯಿಂದ ಹೊಸ ಸದ್ದೊಂದು ಶುರುವಾದರೆ ಸಿಗುವ ಮೊದಲ ಸಲಹೆ, ‘ಕ್ಲಚ್ ಪ್ಲೇಟ್ ಹಾಕಿಸಿಬಿಡಿ’. ಪ್ಲೇಟ್ ಬದಲಾಗುತ್ತದೆ, ದುಡ್ಡೂ ಖರ್ಚಾಗುತ್ತದೆ, ಸದ್ದು ಮಾತ್ರ ಇದ್ದಲ್ಲೇ ಇರುತ್ತದೆ. ಸವೆದ ಪ್ಲೇಟ್ ಜಾರುತ್ತದೆಯೇ ಹೊರತು ಸದ್ದು ಮಾಡುವುದು ಕಡಿಮೆ. ಎಡಗಡೆಯ ಆ ಕವರ್ ಒಳಗೆ ಕ್ಲಚ್ ಒಂದೇ ಇಲ್ಲ. ಎಂಜಿನ್ನಿನಿಂದ ಕ್ಲಚ್ಚನ್ನು ತಿರುಗಿಸುವ ಪ್ರೈಮರಿ ಚೈನ್ ಇದೆ, ಅದನ್ನು ಬಿಗಿಯಾಗಿಡುವ ಟೆನ್ಷನರ್ ಇದೆ, ಕ್ರ್ಯಾಂಕ್ ತುದಿಗೆ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಇದೆ. ಹಿಂದುಗಡೆ ಗೇರ್‌ಬಾಕ್ಸ್ ಅಂಟಿಕೊಂಡಿದೆ. ಯಾವುದು ಕೂಗುತ್ತಿದೆ ಎಂಬುದರ ಮುಕ್ಕಾಲು ಪಾಲು ಕ್ಲಚ್ ಲಿವರ್ ಹಿಡಿದು, ಬಿಟ್ಟು ನೋಡಿದರೆ ಹೊರಗಿನಿಂದಲೇ ತಿಳಿಯುತ್ತದೆ.

ಇಲ್ಲಿ ಹೇಳುವುದು ಬಲಗಾಲಿನಲ್ಲಿ ಗೇರ್ ಹಾಕುವ, ನಾಲ್ಕು ಗೇರಿನ ಆಲ್ಬಿಯನ್ ಗೇರ್‌ಬಾಕ್ಸ್‌ನ ಬುಲೆಟ್ ಬಗ್ಗೆ. ಜಾವಾ, ಯೆಜ್ಡಿ, ಆರ್‌ಎಕ್ಸ್ 100 ಇರುವವರಿಗೂ ಕೊನೆಯಲ್ಲಿ ಎರಡು ಮಾತಿದೆ.

ಲಿವರ್ ಪರೀಕ್ಷೆ

ಗಾಡಿಯನ್ನು ಅಂಗಳದಲ್ಲೋ ರಸ್ತೆಯಲ್ಲೋ ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಮುಚ್ಚಿದ ಕೊಟ್ಟಿಗೆಯೊಳಗೆ ಎಂಜಿನ್ ಓಡಿಸಬೇಡಿ, ಹೊಗೆ ಅಪಾಯ. ಹತ್ತು ನಿಮಿಷ ಓಡಿಸಿ ಬಿಸಿ ಮಾಡಿಕೊಳ್ಳಿ. ಒಳಗಿನ ಎಣ್ಣೆ ತಣ್ಣಗಿದ್ದಾಗ ಕೇಳುವ ಅರ್ಧ ಸದ್ದು ಬಿಸಿಯಾದ ಮೇಲೆ ಇರುವುದೇ ಇಲ್ಲ. ಮಲೆನಾಡಿನ ಡಿಸೆಂಬರ್ ಬೆಳಗಿನಲ್ಲಂತೂ ತಣ್ಣನೆಯ ಗಾಡಿಯ ಸದ್ದಿನ ಮೇಲೆ ತೀರ್ಪು ಕೊಡಲೇಬೇಡಿ.

ನ್ಯೂಟ್ರಲ್‌ನಲ್ಲಿ, ಲಿವರ್ ಬಿಟ್ಟಿರುವಾಗ ಎಲ್ಲವೂ ತಿರುಗುತ್ತಿರುತ್ತದೆ: ಚೈನ್, ಅದು ತಿರುಗಿಸುವ ಕ್ಲಚ್ ಡ್ರಮ್, ಪ್ಲೇಟುಗಳು, ಒಳಗಿನ ಕ್ಲಚ್ ಸೆಂಟರ್, ಆ ಸೆಂಟರ್ ಕೂತಿರುವ ಗೇರ್‌ಬಾಕ್ಸ್‌ನ ಮೇನ್ ಶಾಫ್ಟ್, ಅದರ ಜೊತೆಗಿನ ಎರಡನೇ ಶಾಫ್ಟ್ ಆದ ಲೇ ಶಾಫ್ಟ್. ಲಿವರ್ ಒತ್ತಿದಾಗ ಚೈನ್ ಮತ್ತು ಡ್ರಮ್ ತಿರುಗುತ್ತಲೇ ಇರುತ್ತವೆ, ಸೆಂಟರ್ ಮತ್ತು ಮೇನ್ ಶಾಫ್ಟ್ ನಿಲ್ಲಬೇಕು. ಎಣ್ಣೆಯ ಎಳೆತಕ್ಕೆ ಅವು ಪೂರ್ತಿ ನಿಲ್ಲದೆ ನಿಧಾನ ಸುತ್ತುವುದೂ ಉಂಟು. ಹಾಗಾಗಿ ಲಿವರ್ ಒತ್ತಿ ಮೊದಲ ಗೇರ್ ಹಾಕಿ ಹಿಂದಿನ ಬ್ರೇಕ್ ಹಿಡಿಯಿರಿ. ಈಗ ಮೇನ್ ಶಾಫ್ಟ್ ಖಂಡಿತ ನಿಂತಿದೆ. ಲೆಕ್ಕ ಹೀಗೆ:

ಲಿವರ್ ಬಿಟ್ಟಾಗ ಇದ್ದ ಸದ್ದು ಒತ್ತಿದ ಕೂಡಲೇ ಹೋದರೆ ಗೇರ್‌ಬಾಕ್ಸ್ ಬೇರಿಂಗ್, ಡ್ರಮ್‌ನ ಸೀಳುಗಳಲ್ಲಿ ಸಡಿಲವಾಗಿ ಆಡುವ ಪ್ಲೇಟ್, ಅಥವಾ ಶಾಫ್ಟ್ ಮೇಲೆ ಸಡಿಲಾದ ಕ್ಲಚ್ ಸೆಂಟರ್.

ಒತ್ತಿದಾಗ ಮಾತ್ರ ಬರುವ ಸದ್ದು ಡ್ರಮ್ ಬೇರಿಂಗಿನದು ಅಥವಾ ಕ್ಲಚ್ ಬಿಡಿಸಲು ತಳ್ಳುವ ಕಡ್ಡಿಯಾದ ಪುಶ್ ರಾಡ್ ಸಾಲಿನದು.

ಒತ್ತಿದರೂ ಬಿಟ್ಟರೂ ವ್ಯತ್ಯಾಸವೇ ಇಲ್ಲದಿದ್ದರೆ ಕ್ಲಚ್ಚನ್ನು ಬಿಟ್ಟುಬಿಡಿ. ಪ್ರೈಮರಿ ಚೈನ್, ಟೆನ್ಷನರ್ ಅಥವಾ ಆಲ್ಟರ್ನೇಟರ್ ಕಡೆ ನೋಡಿ.

ಇನ್ನೊಂದು ಪರೀಕ್ಷೆ ಓಡಿಸುವಾಗ. ಆಲ್ಬಿಯನ್‌ನಲ್ಲಿ ನಾಲ್ಕನೆಯ ಗೇರ್ ನೇರ. ಉಳಿದ ಮೂರರಲ್ಲಿ ಭಾರ ಲೇ ಶಾಫ್ಟ್ ಮೂಲಕ ಹೋಗುತ್ತದೆ. ಒಂದು, ಎರಡು, ಮೂರರಲ್ಲಿ ‘ಗುಂಯ್’ ಎಂದು ಕೊರೆಯುವ ಸದ್ದು ನಾಲ್ಕಕ್ಕೆ ಬಿದ್ದ ಕೂಡಲೇ ತಗ್ಗಿದರೆ ಅದು ಗೇರ್‌ಬಾಕ್ಸ್ ಒಳಗಿನ ಕತೆ. ಎಡಗಡೆ ಕವರ್ ಬಿಚ್ಚಿ ಪ್ರಯೋಜನವಿಲ್ಲ.

ಜಾಗ ಖಚಿತ ಮಾಡಿಕೊಳ್ಳಲು ಉದ್ದ ಸ್ಕ್ರೂಡ್ರೈವರ್ ಸಾಕು. ತುದಿಯನ್ನು ಕವರ್ ಮೇಲಿಟ್ಟು ಹಿಡಿಕೆಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ. ಕವರ್‌ನ ಮುಂಭಾಗದಲ್ಲಿ ಜೋರಾದರೆ ಎಂಜಿನ್ ಸ್ಪ್ರಾಕೆಟ್ ಮತ್ತು ಆಲ್ಟರ್ನೇಟರ್, ಹಿಂಭಾಗದಲ್ಲಿ ಜೋರಾದರೆ ಕ್ಲಚ್. ಸೈಲೆನ್ಸರ್‌ಗೂ ಹಿಂದಿನ ಚೈನಿಗೂ ತೋಳು ತಾಗದಂತೆ ನೋಡಿಕೊಳ್ಳಿ.

ಕ್ಲಚ್‌ನದಲ್ಲದ ಸದ್ದುಗಳು

ನ್ಯೂಟ್ರಲ್‌ನಲ್ಲಿ ಬಲಗಡೆಯಿಂದ ಸಣ್ಣಗೆ ‘ಟಿಕ್ ಟಿಕ್’ ಬರುತ್ತಿದ್ದರೆ ಕಿಕ್ ಪೆಡಲನ್ನು ಕೈಯಲ್ಲಿ ಮೇಲಕ್ಕೆ ಒತ್ತಿ ಹಿಡಿಯಿರಿ. ನಿಂತರೆ ಅದು ಕಿಕ್‌ನ ಪಾಲ್ (ಹಲ್ಲಿಗೆ ಸಿಕ್ಕುವ ಕೊಕ್ಕೆ) ಪೂರ್ತಿ ಹಿಂದೆ ಸರಿಯದೆ ರ‍್ಯಾಚೆಟ್ ಹಲ್ಲಿಗೆ ತಾಗುವ ಸದ್ದು. ಲಿವರ್ ಒತ್ತುವಾಗ ಕೈ ಹತ್ತಿರವೇ ಕೀಚು ಎಂದರೆ ಲಿವರ್ ಪಿನ್ನಿಗೆ ಎರಡು ಹನಿ ಎಣ್ಣೆ ಸಾಕು. ಗೇರ್‌ಬಾಕ್ಸನ್ನು ಎಂಜಿನ್ ಹಿಂಬದಿಗೆ ಹಿಡಿದಿರುವ ನಾಲ್ಕು ಸ್ಟಡ್‌ಗಳ ನಟ್ಟುಗಳ ಮೇಲೂ ಒಮ್ಮೆ ಸ್ಪ್ಯಾನರ್ ಇಟ್ಟು ನೋಡಿ. ತೋಟದ ಜಲ್ಲಿ ರಸ್ತೆಯಲ್ಲಿ ದಿನಾ ಓಡುವ ಗಾಡಿಗಳಲ್ಲಿ ಇವು ಸಡಿಲವಾಗಿ, ಹೊರಡುವಾಗ ‘ಕಟಕ್’ ಎನ್ನುತ್ತವೆ. ಬೈಗುಳ ಮಾತ್ರ ಕ್ಲಚ್ಚಿಗೆ.

ಪ್ರೈಮರಿ ಚೈನ್

ಎಡಗಡೆಯ ಸದ್ದಿಗೆ ಮೊದಲ ಅನುಮಾನ ಯಾವಾಗಲೂ ಇದರ ಮೇಲೇ ಇರಲಿ. ಸಡಿಲಾದ ಚೈನ್ ಐಡ್ಲಿಂಗ್‌ನಲ್ಲಿ ‘ಟಪಟಪ’ ಎಂದು ಹೊಡೆದುಕೊಳ್ಳುತ್ತದೆ, ಸ್ವಲ್ಪ ರೇಸ್ ಕೊಟ್ಟರೆ ಸುಮ್ಮನಾಗುತ್ತದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಘಾಟಿ ಇಳಿಯುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ರೇಸ್ ಬಿಟ್ಟು ಗೇರಿನಲ್ಲೇ ಇಳಿದರೆ ಚಕ್ರವೇ ಎಂಜಿನ್ನನ್ನು ಎಳೆಯುವುದರಿಂದ ಚೈನಿನ ಕೆಳಗಿನ ಎಳೆ ಬಿಗಿಯಾಗಿ ಮೇಲಿನದು ಸಡಿಲಾಗುತ್ತದೆ. ತಿರುವಿನಲ್ಲಿ ಮತ್ತೆ ರೇಸ್ ಕೊಟ್ಟಾಗ ಇದು ತಿರುಗುಮುರುಗಾಗುತ್ತದೆ. ಆ ಕ್ಷಣಕ್ಕೆ ಸರಿಯಾಗಿ ‘ಠಪ್’ ಎಂದರೆ ಚೈನ್ ಸಡಿಲವಿದೆ. ಬಿಗಿ ಹೆಚ್ಚಾದ ಚೈನಿನದು ವೇಗದ ಜೊತೆಗೆ ಏರುವ ಕೊರೆತದ ಸದ್ದು. ಸಡಿಲಕ್ಕಿಂತ ಇದು ಕೆಟ್ಟದ್ದು, ಕ್ರ್ಯಾಂಕಿನ ಎಡ ಬೇರಿಂಗ್ ಮತ್ತು ಮೇನ್ ಶಾಫ್ಟ್ ಬೇರಿಂಗ್ ಎರಡನ್ನೂ ತಿನ್ನುತ್ತದೆ.

ನೋಡಲು ಕವರ್ ಬಿಚ್ಚಬೇಕು. ಅಗಲವಾದ ಟ್ರೇ ಕೆಳಗಿಡಿ, ಎಣ್ಣೆ ಒಮ್ಮೆಗೇ ಸುರಿಯುತ್ತದೆ. ಎಡ ಫುಟ್‌ರೆಸ್ಟ್ ಮತ್ತು ಬ್ರೇಕ್ ಪೆಡಲ್ ದಾರಿ ಬಿಡಿಸಿದ ಮೇಲೆ ಕವರನ್ನು ಹಿಡಿದಿರುವುದು ನಡುವಿನ ಒಂದೇ ದೊಡ್ಡ ನಟ್. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಅಂಚು ಹಾಳಾದರೆ ಮುಂದೆ ಎಂದೂ ಎಣ್ಣೆ ನಿಲ್ಲದು. ರಬ್ಬರ್ ಸುತ್ತಿಗೆಯಿಂದ ಅಂಚಿಗೆ ತಟ್ಟಿ.

ಚೈನಿನ ಮೇಲಿನ ಎಳೆಯ ಮಧ್ಯವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಒಟ್ಟು ಆಟ 6 ಮಿ.ಮೀ. ಸುಮಾರು ಇರಬೇಕು. ಇದನ್ನು ಒಂದೇ ಜಾಗದಲ್ಲಿ ಅಳೆದು ಮುಗಿಸುವುದೇ ಸಾಮಾನ್ಯ ತಪ್ಪು. ಹಳೆಯ ಚೈನ್ ಎಲ್ಲ ಕಡೆ ಸಮನಾಗಿ ಎಳೆದಿರುವುದಿಲ್ಲ. ಸ್ಪಾರ್ಕ್ ಪ್ಲಗ್ ತೆಗೆದು ಎಂಜಿನ್ನನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹಲವು ಕಡೆ ನೋಡಿ, ಅತಿ ಬಿಗಿಯಾದ ಜಾಗದಲ್ಲಿ 6 ಮಿ.ಮೀ. ಬರುವಂತೆ ಕೆಳಗಿನ ಟೆನ್ಷನರ್ ಹೊಂದಿಸಿ. ಒಂದು ಕಡೆ 6, ಇನ್ನೊಂದು ಕಡೆ ಅದರ ಎರಡರಷ್ಟಿದ್ದರೆ, ಅಥವಾ ಟೆನ್ಷನರ್ ಕೊನೆ ಮುಟ್ಟಿದ್ದರೆ, ಹೊಸ ಚೈನ್ ಹಾಕಿ. ಹಲ್ಲು ಕೊಕ್ಕೆಯಂತಾದ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಹಾಕಿದರೆ ಸದ್ದು ಮೊದಲಿಗಿಂತ ಹೆಚ್ಚುತ್ತದೆ.

ಚೈನಿನ ಪಕ್ಕದ ಪಟ್ಟಿಗಳು ಒಂದೇ ಬದಿಯಲ್ಲಿ ಹೊಳೆಯುತ್ತಿದ್ದರೆ ಎರಡು ಸ್ಪ್ರಾಕೆಟ್ ಒಂದೇ ಸಾಲಿನಲ್ಲಿಲ್ಲ ಎಂದರ್ಥ. ಉಕ್ಕಿನ ಸ್ಕೇಲನ್ನು ಎರಡಕ್ಕೂ ಅಡ್ಡ ಹಿಡಿದು ನೋಡಿ, ಶಿಮ್ (ತೆಳು ಉಂಗುರ) ಹಾಕಿ ಸರಿಪಡಿಸಿ.

ಕವರ್ ತೆಗೆದಿರುವಾಗಲೇ ಆಲ್ಟರ್ನೇಟರ್ ರೋಟರಿನ ನಟ್ ಬಿಗಿಯಾಗಿದೆಯೇ ನೋಡಿ. ಸಡಿಲಾದ ರೋಟರ್ ಬಡಿಯುವ ಸದ್ದನ್ನು ಬಿಗ್ ಎಂಡ್ (ಕ್ರ್ಯಾಂಕ್ ಮೇಲಿನ ಬೇರಿಂಗ್) ಹೋಯಿತೆಂದು ತಿಳಿದು ಎಂಜಿನ್ ಇಳಿಸಿದವರಿದ್ದಾರೆ. ತಿರುಗುವ ರೋಟರಿಗೂ ಸುತ್ತಲಿನ ತಿರುಗದ ಸ್ಟೇಟರಿಗೂ ನಡುವೆ 0.2 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಸುತ್ತಲೂ ಸಲೀಸಾಗಿ ಹಾಯಬೇಕು. ಒಂದು ಕಡೆ ಉಜ್ಜಿದ ಗುರುತಿದ್ದರೆ ಸ್ಟೇಟರನ್ನು ಸಡಿಲಿಸಿ ಮಧ್ಯಕ್ಕೆ ತನ್ನಿ.

ಲಿವರ್ ಒತ್ತಿದಾಗಿನ ಸದ್ದು

ಒತ್ತಿದಾಗ ಕೀಚಲು ಸದ್ದು ಬಂದರೆ ಪುಶ್ ರಾಡ್ ಒಣಗಿದೆ. ಟೊಳ್ಳು ಮೇನ್ ಶಾಫ್ಟ್ ಒಳಗೆ ಹಾದು ಬಂದು ಪ್ರೆಷರ್ ಪ್ಲೇಟನ್ನು ತಳ್ಳುವ ಕಡ್ಡಿ ಅದು. ಹೊರಗೆಳೆದು ತುದಿ ನೋಡಿ: ನೀಲಿಗಟ್ಟಿದ್ದರೆ, ಅಣಬೆಯಂತೆ ಅರಳಿದ್ದರೆ ಬದಲಿಸಿ, ಇಲ್ಲವಾದರೆ ಗ್ರೀಸ್ ಸವರಿ ಹಾಕಿ. ರೈಲ್ವೆ ಗೇಟಿನಲ್ಲಿ ಗೇರ್ ಹಾಕಿಕೊಂಡೇ ಲಿವರ್ ಹಿಡಿದು ಕಾಯುವ ಅಭ್ಯಾಸವೇ ಈ ತುದಿಯನ್ನು ಸುಡುವುದು.

ಹೊಂದಿಸುವ ಕ್ರಮವೂ ಮುಖ್ಯ. ಮೊದಲು ಕೇಬಲನ್ನು ಪೂರ್ತಿ ಸಡಿಲಿಸಿ. ಗೇರ್‌ಬಾಕ್ಸ್ ಕವರಿನ ಸಣ್ಣ ಮುಚ್ಚಳ ತೆಗೆದು, ಲಾಕ್ ನಟ್ ಬಿಡಿಸಿ, ಸ್ಕ್ರೂ ರಾಡಿಗೆ ತಾಗುವವರೆಗೆ ಒಳಗೆ ತಿರುಗಿಸಿ ಅಲ್ಲಿಂದ ಅರ್ಧ ಸುತ್ತು ಹಿಂದೆ ತನ್ನಿ. ಆಮೇಲೆ ಕೇಬಲ್ ಬಿಗಿ ಮಾಡಿ, ಲಿವರ್ ಬುಡದಲ್ಲಿ 2–3 ಮಿ.ಮೀ. ಆಟ ಬಿಡಿ. ಆಟವೇ ಇಲ್ಲದಿದ್ದರೆ ರಾಡ್ ಸದಾ ಒತ್ತಿಕೊಂಡೇ ಇರುತ್ತದೆ, ಸದ್ದೂ ಸದಾ ಇರುತ್ತದೆ, ಪ್ಲೇಟೂ ಜಾರುತ್ತದೆ.

ಒತ್ತಿದಾಗ ಗರಗರ ಬಂದರೆ ಡ್ರಮ್ ಬೇರಿಂಗ್ ನೋಡಿ. ಚೈನ್ ಕಳಚಿ, ಡ್ರಮ್ಮನ್ನು ಎರಡೂ ಕೈಯಲ್ಲಿ ಹಿಡಿದು ಒಳಕ್ಕೆ ಹೊರಕ್ಕೆ ಅಲ್ಲಾಡಿಸಿ. ಕೂದಲೆಳೆಯಷ್ಟು ಅಲುಗಿದರೆ ಚಿಂತೆಯಿಲ್ಲ. ಕಣ್ಣಿಗೆ ಕಾಣುವಷ್ಟು ವಾಲಿದರೆ ಬೇರಿಂಗ್ ಬದಲಿಸಿ. ಪ್ರೆಷರ್ ಪ್ಲೇಟ್ ಓರೆಯಾಗಿ ಏಳುವುದೂ ಇಂಥದೇ ಸದ್ದು ಕೊಡುತ್ತದೆ. ಒಬ್ಬರು ಲಿವರ್ ಹಿಡಿದಿರಲಿ, ಇನ್ನೊಬ್ಬರು ಕಿಕ್ ನಿಧಾನ ಒತ್ತಿ ನೋಡಲಿ: ಪ್ಲೇಟ್ ತೂಗಾಡುತ್ತಿದ್ದರೆ ಸ್ಪ್ರಿಂಗುಗಳ ಎತ್ತರ ಸಮನಾಗಿಲ್ಲ. ಎಲ್ಲ ಸ್ಪ್ರಿಂಗುಗಳನ್ನೂ ಒಂದೇ ಸೆಟ್ಟಿನಿಂದ ಬದಲಿಸಿ. ಒಂದೆರಡನ್ನೇ ಹಾಕಿದರೆ ಓರೆ ಹೆಚ್ಚುತ್ತದೆ. ಕವರ್ ಒಳಗೋಡೆಯಲ್ಲಿ ದುಂಡನೆಯ ಗೀರು ಕಂಡರೆ ಸ್ಪ್ರಿಂಗ್ ಸ್ಕ್ರೂ ಒಂದು ಹೊರಬಂದು ಉಜ್ಜುತ್ತಿದೆ.

ಲಿವರ್ ಬಿಟ್ಟಾಗಿನ ಸದ್ದು

ಐಡ್ಲಿಂಗ್‌ನಲ್ಲಿ ಕಟಕಟ, ಒತ್ತಿದರೆ ನಿಶ್ಶಬ್ದ ಎಂದರೆ ಪ್ಲೇಟಿನ ಕಿವಿಗಳು ಡ್ರಮ್‌ನ ಸೀಳಿನಲ್ಲಿ ಹೊಡೆದುಕೊಳ್ಳುತ್ತಿವೆ. ಹೊಡೆದ ಕಡೆ ಮೆಟ್ಟಿಲಿನಂತೆ ಕಚ್ಚು ಬಿದ್ದಿರುತ್ತದೆ. ಪ್ಲೇಟ್ ಅಲ್ಲೇ ಸಿಕ್ಕಿಕೊಂಡು ಗೇರ್ ಹಾಕುವಾಗ ಗಾಡಿ ಜಿಗಿಯುತ್ತದೆ. ಕಚ್ಚು ಮೇಲುಮೇಲಿನದಾದರೆ ನಯವಾದ ಅರದಿಂದ ಉಜ್ಜಿ ಸಮ ಮಾಡಬಹುದು. 1 ಮಿ.ಮೀ. ಮೀರಿದ್ದರೆ ಉಜ್ಜಿದಷ್ಟೂ ಸಡಿಲ ಹೆಚ್ಚಿ ಸದ್ದೂ ಹೆಚ್ಚುತ್ತದೆ, ಡ್ರಮ್ ಬದಲಿಸುವುದೇ ಸರಿ. ಸ್ಟೀಲ್ ಪ್ಲೇಟುಗಳನ್ನು ಗಾಜಿನ ಮೇಲಿಟ್ಟು ನೋಡಿ, ಅಡಿಯಲ್ಲಿ 0.2 ಮಿ.ಮೀ. ಗೇಜ್ ತೂರಿದರೆ ಪ್ಲೇಟ್ ಸೊಟ್ಟಗಾಗಿದೆ.

ರೇಸ್ ಕೊಟ್ಟಾಗ ಒಮ್ಮೆ, ಬಿಟ್ಟಾಗ ಒಮ್ಮೆ ‘ಟಣ್’ ಎಂದರೆ ಕ್ಲಚ್ ಸೆಂಟರ್ ನಟ್ ಸಡಿಲು. ಬರೀ ಬಿಗಿ ಮಾಡಿ ಮುಗಿಸಬೇಡಿ. ಹೊಸ ಲಾಕ್ ವಾಷರ್ ಹಾಕಿ ಅದರ ಅಂಚನ್ನು ನಟ್ಟಿನ ಮೇಲೆ ಮಡಚಿ.

ಮಳೆಗಾಲದ ತೊಂದರೆ

ತೀರ್ಥಹಳ್ಳಿ, ಹೊಸನಗರ, ಹುಲಿಕಲ್ ಕಡೆ ಜೂನ್‌ನಿಂದ ಮೂರು ತಿಂಗಳು ಗಾಡಿ ಮೂಲೆ ಸೇರುತ್ತದೆ. ಕವರಿನ ರಬ್ಬರ್ ರಿಂಗ್ ಹಳೆಯದಾಗಿದ್ದರೆ ನೀರು ಒಳಗಿಳಿದು ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ, ಪ್ಲೇಟುಗಳು ತುಕ್ಕಿನಿಂದ ಅಂಟಿಕೊಳ್ಳುತ್ತವೆ. ಅಂಟಿದೆಯೇ ಎಂದು ತಿಳಿಯುವುದು ಸುಲಭ. ಬುಲೆಟ್‌ನ ಕಿಕ್ ಕ್ಲಚ್ ಮೂಲಕವೇ ಎಂಜಿನ್ನಿಗೆ ಹೋಗುತ್ತದೆ. ಲಿವರ್ ಒತ್ತಿ ಕಿಕ್ ಮಾಡಿದರೆ ಪೆಡಲ್ ಹಗುರವಾಗಿ ಇಳಿಯಬೇಕು. ಕಂಪ್ರೆಷನ್ ಕಾಲಿಗೆ ತಟ್ಟಿದರೆ ಪ್ಲೇಟ್ ಬಿಟ್ಟಿಲ್ಲ. ಇದಕ್ಕೆ ವಿರುದ್ಧವಾಗಿ, ಲಿವರ್ ಬಿಟ್ಟೇ ಇದ್ದರೂ ಪೆಡಲ್ ‘ಜರ್’ ಎಂದು ಜಾರಿದರೆ ಪ್ಲೇಟ್ ಸವೆದಿದೆ ಅಥವಾ ಸ್ಪ್ರಿಂಗ್ ಸೋತಿದೆ.

ಬಿಡಿಸಲು: ಎಂಜಿನ್ ಬಿಸಿ ಮಾಡಿ ನಿಲ್ಲಿಸಿ, ಲಿವರನ್ನು ಹ್ಯಾಂಡಲಿಗೆ ಕಟ್ಟಿ, ನಾಲ್ಕನೇ ಗೇರಿನಲ್ಲಿ ಹಿಂದೆ ಮುಂದೆ ಜಗ್ಗಿ. ‘ಪಟ್’ ಎಂದು ಬಿಡುತ್ತದೆ. ಬಿಡದಿದ್ದರೆ ಪ್ಲೇಟ್ ಹೊರತೆಗೆದು ಸ್ವಚ್ಛ ಮಾಡಲೇಬೇಕು. ಮಳೆಗಾಲಕ್ಕೆ ನಿಲ್ಲಿಸುವಾಗಲೇ ಲಿವರ್ ಒತ್ತಿ ಕಟ್ಟಿಟ್ಟರೆ ಈ ಕೆಲಸವೇ ಬಾರದು.

ಎಣ್ಣೆ ಬೈಕಿನದೇ ಆಗಿರಲಿ: 20ಡಬ್ಲ್ಯು50, ಡಬ್ಬದ ಮೇಲೆ ಜೆಎಎಸ್‌ಒ ಎಂಎ (ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಒಗ್ಗುವ ಎಣ್ಣೆಯ ಗುರುತು) ಎಂದಿರಬೇಕು. ಕಾರಿನ ಎಣ್ಣೆಗಳಲ್ಲಿ ಜಾರಿಕೆಯ ಮಿಶ್ರಣ ಇರಬಹುದು, ಕ್ಲಚ್ ಜಾರುತ್ತದೆ. ಲೆವೆಲ್ ಪ್ಲಗ್‌ನಿಂದ ತೊಟ್ಟಿಕ್ಕುವವರೆಗೆ ತುಂಬಿ ನಿಲ್ಲಿಸಿ. ತುಂಬಿಸದೆಯೇ ಮಟ್ಟ ಏರುತ್ತಿದ್ದರೆ ಎಂಜಿನ್ ಎಣ್ಣೆ ಕ್ರ್ಯಾಂಕ್ ಸೀಲ್ ದಾಟಿ ಬರುತ್ತಿದೆ.

ಜಾವಾ, ಯೆಜ್ಡಿ, ಆರ್‌ಎಕ್ಸ್

ಮೈಸೂರಿನಲ್ಲಿ ತಯಾರಾದ ಹಳೆಯ ಜಾವಾ, ಯೆಜ್ಡಿ 250ಗಳಲ್ಲಿ ಗೇರ್ ಪೆಡಲ್ ಒತ್ತಿದರೇ ಕ್ಲಚ್ ಬಿಡುವ ವ್ಯವಸ್ಥೆ ಇದೆ. ಆದ್ದರಿಂದ ಲಿವರ್ ಪರೀಕ್ಷೆ ಮಾಡುವಾಗ ಗೇರ್ ಪೆಡಲ್ ಮೇಲೆ ಕಾಲಿಟ್ಟಿರಬಾರದು, ಫಲಿತಾಂಶ ಕೆಡುತ್ತದೆ. ಕ್ಲಚ್ ಮತ್ತು ಗೇರ್‌ಬಾಕ್ಸ್‌ಗೆ ಎಣ್ಣೆ ಒಂದೇ ಆದ್ದರಿಂದ ಪ್ಲೇಟಿನ ಪುಡಿ ಗೇರುಗಳಿಗೂ ಹೋಗುತ್ತದೆ. ಪ್ಲೇಟ್ ಬದಲಿಸಿದಾಗ ಎಣ್ಣೆಯನ್ನೂ ಬದಲಿಸಿ.

ಆರ್‌ಎಕ್ಸ್ 100ರಲ್ಲಿ ಪ್ರೈಮರಿ ಚೈನಿಲ್ಲ, ಗೇರುಗಳು ಮಾತ್ರ. ಐಡ್ಲಿಂಗ್‌ನಲ್ಲಿ ಕಟಕಟ ಎಂದು, ಲಿವರ್ ಒತ್ತಿದಾಗ ತಗ್ಗಿದರೆ ಕ್ಲಚ್ ಹೌಸಿಂಗನ್ನೂ ಅದರ ದೊಡ್ಡ ಗೇರನ್ನೂ ಎರಡು ಕೈಯಲ್ಲಿ ಹಿಡಿದು ಎದುರುಬದುರಾಗಿ ತಿರುಚಿ ನೋಡಿ. ಸಲೀಸಾಗಿ ಆಡಿದರೆ ನಡುವಿನ ಡ್ಯಾಂಪರ್ ಅಥವಾ ರಿವೆಟ್ ಸಡಿಲಾಗಿದೆ, ಹೌಸಿಂಗ್ ಬದಲಿಸಿ. ರಿವೆಟ್ ತಲೆಗೆ ವೆಲ್ಡಿಂಗ್ ಮಾಡಿಸುವುದು ಬೇಡ. ಶಾಖಕ್ಕೆ ಹೌಸಿಂಗ್ ಓರೆಯಾಗುತ್ತದೆ.