ಕುಕ್ಕರ್ ಬಿಟ್ಟ ಮೇಲೆ ಕೈಗೆ ಹತ್ತಿದ ಕಾಲರ್ಡ್ ಸೊಪ್ಪು

ಅಟ್ಲಾಂಟಾಕ್ಕೆ ಬಂದು ಒಂಬತ್ತು ವರ್ಷ ಆಯಿತು. ಇಲ್ಲಿಯ ಕಾಲರ್ಡ್ ಸೊಪ್ಪು, ಅಂದರೆ ಎಲೆಕೋಸಿನ ಜಾತಿಯ ದಪ್ಪ ಎಲೆ, ಕೈಗೆ ಹತ್ತಿದ್ದು ಮಾತ್ರ ಮೊನ್ನೆ ಮೊನ್ನೆ. "ಸೊಪ್ಪನ್ನ ಎರಡು ಗಂಟೆ ಬೇಯಿಸ್ತಾರೇನೋ?" ಅಂತ ಅಮ್ಮ ಫೋನಿನಲ್ಲಿ ನಕ್ಕಿದ್ದರು. ಹೊಗೆ ಹಾಕಿದ ಹಂದಿಕಾಲು ಇಲ್ಲದೆ ಆಗುವುದೇ ಇಲ್ಲ ಅಂದವರು ಪಕ್ಕದ ಮನೆಯ ಕಪ್ಪು ಅಜ್ಜಿ. ಅಲಬಾಮಾದವರು.

ಸೋಲ್ ಫುಡ್ ಅಂದರೆ ಏನು ಅಂತ ಅವರನ್ನೇ ಕೇಳಿದ್ದೆ. ಅಮೆರಿಕದ ದಕ್ಷಿಣದ ಕಪ್ಪು ಜನರ ಮನೆಯಡುಗೆ, ಈ ಸೊಪ್ಪೂ ಅದರದ್ದೇ, ಆ ಹೆಸರು ಓಡಾಡಿದ್ದು 1960ರ ದಶಕದಲ್ಲಿ, ಅಡುಗೆ ಗುಲಾಮಗಿರಿ ಕಾಲದ್ದು, ಸಿಕ್ಕ ಕಾಲು ಕತ್ತು ಸೊಪ್ಪಿನಲ್ಲೇ ರುಚಿ ಹೊರಡಿಸಿದ್ದು ಅಂದರು. "ಅರ್ಥ ಆಮೇಲೆ, ಮೊದಲು ಸೊಪ್ಪು ಸರಿಯಾಗಿ ತೊಳಿ" ಅಂತಲೂ ಸೇರಿಸಿದರು. ನನ್ನ ಮೊದಲ ಪಾತ್ರೆಯಲ್ಲಿ ಬರೀ ಮರಳಿತ್ತಲ್ಲ, ಅದಕ್ಕೆ.

ಎರಡನೇ ಸಲ ಕುಕ್ಕರ್, ಮೂರು ವಿಸಿಲ್. ಸೊಪ್ಪು ಮುದ್ದೆಯಾಯಿತು, ನೀರು ಸಪ್ಪೆ, ಹೊಗೆವಾಸನೆಯೆಲ್ಲ ಮಾಂಸದಲ್ಲೇ ಉಳಿಯಿತು. ಮೂರನೇ ಸಲ ಮೊದಲೇ ಉಪ್ಪು ಹಾಕಿದೆ. ಮಾಂಸದಲ್ಲೂ ಉಪ್ಪು, ನೀರೂ ಇಂಗಿತು, ಬಾಯಿಗಿಡಲು ಆಗಲಿಲ್ಲ. ಎಲ್ಲ ಸೇರಿ ಸುಮಾರು 40 ಡಾಲರ್ ಕಸದ ಬುಟ್ಟಿಗೆ ಹೋಯಿತು. ಮನೆಯವಳು ಲೆಕ್ಕ ಇಟ್ಟಿದ್ದಾಳೆ.

ಈಗ ಮಾಡುವುದು ಹೀಗೆ. ಹೊಗೆ ಹಾಕಿದ ಟರ್ಕಿ ರೆಕ್ಕೆ ಎರಡು, 7 ಡಾಲರ್ ಇರಬೇಕು. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನ ಚೂರು ಹಾಕಿ ಮೊದಲು ರೆಕ್ಕೆಯನ್ನಷ್ಟೇ ಸಣ್ಣ ಉರಿಯಲ್ಲಿ ಗಂಟೆ, ಗಂಟೆಕಾಲು ಬೇಯಿಸುತ್ತೇನೆ. ನೀರಿಗೆ ರುಚಿ ಹತ್ತಿದ ಮೇಲೇ ಸೊಪ್ಪು. ಎರಡು ದೊಡ್ಡ ಕಟ್ಟು, ಮೂರು ನೀರಿನಲ್ಲಿ ತೊಳೆದು, ದಂಟು ತೆಗೆದು, ಹಿಡಿ ಹಿಡಿಯಾಗಿ ಹಾಕುತ್ತೇನೆ. ಮುಚ್ಚಿಟ್ಟು ಇನ್ನೊಂದು ಗಂಟೆ. ಕುದಿ ಜೋರಾಗಬಾರದು. ವಿನೆಗರ್, ಉಪ್ಪು ಕೊನೆಗೆ. ಇಳಿಸುವ ಮುಂಚೆ ಇನ್ನೊಂದು ವಸ್ತು ಚಿಟಿಕೆಯಷ್ಟು ಬೀಳುತ್ತದೆ. ಅದನ್ನು ಅಜ್ಜಿಗೂ ಹೇಳಿಲ್ಲ, ನಿಮಗೂ ಹೇಳಲ್ಲ.

ವಿನೆಗರ್ ಬದಲು ಹುಣಸೆಹುಳಿ ಹಾಕಿಯೂ ನೋಡಿದೆ. ಬಣ್ಣ ಕೆಟ್ಟಿತು, ಬೇಡ ಬಿಡಿ.

ಉಳಿದ ನೀರಿಗೆ ಇಲ್ಲಿ ಪಾಟ್ ಲಿಕರ್ ಅಂತಾರೆ. ಮಂಡ್ಯದವನು ನಾನು, ಸೊಪ್ಪಿನ ಕಟ್ಟು ಕಂಡರೆ ಬಿಡ್ತೀನಾ? ಬಸ್ಸಾರು ಮಾಡಿದೆ. ಕಾಯಿ ರುಬ್ಬಿ ಹಾಕಿದಾಗ ಹೊಗೆಗೆ ಹೊಂದಲಿಲ್ಲ. ಕಾಯಿ ಬಿಟ್ಟು ಮೆಣಸು ಜೀರಿಗೆ ಜಾಸ್ತಿ ಮಾಡಿದೆ, ಮುದ್ದೆಗೆ ಸೊಗಸಾಗಿತ್ತು.

ಕಳೆದ ಭಾನುವಾರ ಅಜ್ಜಿಗೆ ಒಂದು ಡಬ್ಬಿ ಕೊಟ್ಟೆ. ಜೋಳದ ಬ್ರೆಡ್ ಅದ್ದಿ ತಿಂದು, "ಹಂದಿಕಾಲು ಯಾವ ಅಂಗಡಿಯದು?" ಅಂತ ಕೇಳಿದರು. ಟರ್ಕಿ ಅಂದೆ. ನಂಬಲಿಲ್ಲ. ಡಬ್ಬಿ ಇನ್ನೂ ವಾಪಸ್ ಬಂದಿಲ್ಲ.