ಮನೆ ಶೆಡ್ಡಿಗೆ ಕಂಪ್ರೆಸರ್ ತಗೊಂಡಿದ್ದು: ಎಚ್‌ಪಿ ಆಮೇಲೆ, ಮೊದಲು ಗಾಳಿ ಅಳೆಯಿರಿ

ಕಂಪ್ರೆಸರ್ ತಗೋಬೇಕು ಅಂದ ತಕ್ಷಣ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಎಚ್‌ಪಿ? ಟ್ಯಾಂಕ್ ಎಷ್ಟು ಲೀಟರ್? ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ ಅಂತ ತಗೊಳ್ಳುವವರು ಕೇಳುವುದಿಲ್ಲ, ಮಾರುವವರು ತಾವಾಗಿ ಹೇಳುವುದಿಲ್ಲ. ಕೆಲಸ ನಡೆಯುವುದು ಮಾತ್ರ ಅದರ ಮೇಲೇ.

ದಾವಣಗೆರೆಯಲ್ಲಿ ಮನೆ ಹಿಂದಿನ ಶೀಟಿನ ಶೆಡ್ಡಿನಲ್ಲಿ ನನ್ನದು ಸಣ್ಣ ಮರಗೆಲಸ. ಟೀಪಾಯಿ, ಶೋಕೇಸು, ಹಳೇ ಬಾಗಿಲಿಗೆ ಪಾಲಿಶ್, ಆಗಾಗ ಯಾರದೋ ಗೇಟಿಗೆ ಪೇಂಟು. ನನಗೆ ಗಾಳಿ ಬೇಕಾಗಿದ್ದು ಸ್ಪ್ರೇ ಗನ್ನಿಗೆ, ಮೊಳೆ ಹೊಡೆಯುವ ನೈಲರ್‌ಗೆ, ಧೂಳು ಊದೋದಕ್ಕೆ. ಇವುಗಳಲ್ಲಿ ನೈಲರ್ ಪಾಪ, ಒಂದೊಂದೇ ಗುಟುಕು ಕುಡಿಯುತ್ತದೆ. ಸ್ಪ್ರೇ ಗನ್ ಹಾಗಲ್ಲ, ಟ್ರಿಗರ್ ಒತ್ತಿದಷ್ಟು ಹೊತ್ತೂ ಎಳೆಯುತ್ತಲೇ ಇರುತ್ತದೆ. ಈ ಎಳೆತ ಅಳೆಯುವುದು ಸಿಎಫ್‌ಎಂ ಲೆಕ್ಕದಲ್ಲಿ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅಂತ. ಸಣ್ಣ ಟಚಪ್ ಗನ್ನಿಗೆ 3-4 ಸಿಎಫ್‌ಎಂ ಸಾಕು, ಕಮ್ಮಿ ಒತ್ತಡದಲ್ಲಿ ಜಾಸ್ತಿ ಗಾಳಿ ಊದುವ ದೊಡ್ಡ ಎಚ್‌ವಿಎಲ್‌ಪಿ ಗನ್ 10 ಸಿಎಫ್‌ಎಂ ದಾಟುವುದೂ ಉಂಟು. ಅದಕ್ಕೇ ನಾನು ಮೊದಲು ಗನ್ ಯಾವುದು ಅಂತ ತೀರ್ಮಾನ ಮಾಡಿ, ಅದರ ಡಬ್ಬಿ ಮೇಲೆ ಬರೆದ ಗಾಳಿಯ ಲೆಕ್ಕ ಚೀಟಿಯಲ್ಲಿ ಬರೆದುಕೊಂಡು, ಆಮೇಲೆ ಅಂಗಡಿಗೆ ಹೋದೆ.

ಟ್ಯಾಂಕ್ ದೊಡ್ಡದಿದ್ದರೆ ಆಯ್ತಲ್ಲ ಅನ್ನುತ್ತಾರೆ. ಅದು ಮಾಳಿಗೆ ಮೇಲಿನ ನೀರಿನ ಟ್ಯಾಂಕ್ ಇದ್ದಂಗೆ. ಕೆಳಗೆ ಬೋರಿನಲ್ಲಿ ನೀರು ಸಣ್ಣಗೆ ಬರುತ್ತಿದ್ದರೆ ಮೇಲೆ ಎಷ್ಟು ದೊಡ್ಡದಿಟ್ಟು ಏನು ಪ್ರಯೋಜನ, ಸ್ವಲ್ಪ ಹೊತ್ತು ಜಾಸ್ತಿ ಬರುತ್ತದೆ ಅಷ್ಟೇ.

ಕ್ಯಾಟಲಾಗಿನಲ್ಲಿ ಸಿಎಫ್‌ಎಂ ಬರೆದಿರುತ್ತಾರೆ, ನಿಜ. ಅದು ಯಾವ ಸಿಎಫ್‌ಎಂ ಅಂತ ಕೇಳಬೇಕು. ಪಿಸ್ಟನ್ ಒಳಗೆಳೆದುಕೊಳ್ಳುವ ಲೆಕ್ಕ ಒಂದು, ಅದಕ್ಕೆ ಡಿಸ್‌ಪ್ಲೇಸ್‌ಮೆಂಟ್ ಅನ್ನುತ್ತಾರೆ. ನಿಜವಾಗಿ ಹೊರಗೆ ಸಿಗುವ ಗಾಳಿ ಇನ್ನೊಂದು, ಅದು ಎಫ್‌ಎಡಿ. ಸಣ್ಣ ಮಷಿನ್‌ಗಳಲ್ಲಿ ಎರಡನೆಯದು ಮೊದಲನೆಯದರ ಮುಕ್ಕಾಲು ಭಾಗವೂ ಇರದೆ ಹೋಗಬಹುದು. ಕ್ಯಾಟಲಾಗಿನಲ್ಲಿ ದಪ್ಪಕ್ಷರದಲ್ಲಿ ಇರುವುದು ಯಾವುದು ಅಂತ ಬೇರೆ ಹೇಳಬೇಕಾ?

ಹಂಗಾಗಿ ನಾನೇ ಅಳೆದೆ. ಇದಕ್ಕೆ ಬೇಕಾಗಿದ್ದು ಮೊಬೈಲ್ ಒಂದೇ.

ಅಂಗಡಿಯವರು "ಸರ್, ಇದು 3 ಎಚ್‌ಪಿ, ಕಣ್ಮುಚ್ಚಿ ತಗೊಂಡ್ ಹೋಗ್ರಿ" ಅಂದರು. "ಒಂದ್ಸಲ ಆನ್ ಮಾಡ್ರಿ ಅಣ್ಣಾ, ಟೈಮ್ ನೋಡ್ತೀನಿ" ಅಂದೆ. ಪ್ರೆಷರ್ ಗೇಜಿನ ಮುಳ್ಳು 4 ಕೆಜಿಗೆ (ಚದರ ಸೆಂಟಿಮೀಟರಿಗೆ ಅಷ್ಟು ಒತ್ತಡ ಅಂತ) ಬಂದಾಗ ಸ್ಟಾಪ್‌ವಾಚ್ ಒತ್ತಬೇಕು, 7 ಕೆಜಿಗೆ ಬಂದಾಗ ನಿಲ್ಲಿಸಬೇಕು. ಏರಿದ್ದು 3 ಕೆಜಿ. ಒತ್ತಡ ಒಂದು ಕೆಜಿ ಏರಿತು ಅಂದರೆ ಹೊರಗಿನ ಗಾಳಿ ಹೆಚ್ಚುಕಮ್ಮಿ ಒಂದು ಟ್ಯಾಂಕಿನಷ್ಟು ಒಳಗೆ ಹೋಯ್ತು ಅಂತ. ಟ್ಯಾಂಕ್ 100 ಲೀಟರ್ ಆದರೆ ಒಳಗೆ ಹೋಗಿದ್ದು ಹೆಚ್ಚುಕಮ್ಮಿ 300 ಲೀಟರ್ ಗಾಳಿ. ಅದಕ್ಕೆ 2 ನಿಮಿಷ ಹಿಡಿದರೆ ನಿಮಿಷಕ್ಕೆ 150 ಲೀಟರ್. ಒಂದು ಸಿಎಫ್‌ಎಂ ಅಂದರೆ ಸುಮಾರು 28 ಲೀಟರ್, ಭಾಗಿಸಿದರೆ 5 ಚಿಲ್ಲರೆ ಸಿಎಫ್‌ಎಂ. ಸೊನ್ನೆಯಿಂದ ಅಳೆಯಬೇಡಿ. ಖಾಲಿ ಟ್ಯಾಂಕು ಬೇಗ ಏರುತ್ತದೆ, ಲೆಕ್ಕ ಚೆನ್ನಾಗಿ ಕಾಣಿಸುತ್ತದೆ, ನಮಗೆ ಗಾಳಿ ಬೇಕಾಗಿರುವುದು ಮೇಲಿನ ಪ್ರೆಷರ್‌ನಲ್ಲಿ.

ಆ 3 ಎಚ್‌ಪಿ ಅನ್ನುವ ಸ್ಟಿಕ್ಕರ್ ಬಗ್ಗೆಯೂ ಒಂದು ಮಾತು. ಮೋಟರಿನ ತಗಡಿನ ಪ್ಲೇಟಿನಲ್ಲಿ ಆಂಪಿಯರ್ ನೋಡಿ. 230 ವೋಲ್ಟಿಗೆ 7 ಆಂಪಿಯರ್ ಅಂತಿದ್ದರೆ ಗುಣಿಸಿದಾಗ 1600 ವ್ಯಾಟ್ ಬರುತ್ತದೆ. ಒಂದು ಎಚ್‌ಪಿ ಅಂದರೆ 746 ವ್ಯಾಟ್, ಮೂರಕ್ಕೆ 2200 ದಾಟಬೇಕು. ಒಳಗೆ ಹೋಗುವ ಕರೆಂಟೇ ಇಷ್ಟಾದರೆ ಹೊರಗೆ ಮೂರು ಎಚ್‌ಪಿ ಎಲ್ಲಿಂದ ಬರುತ್ತದೆ?

ಸೆಕೆಂಡ್ ಹ್ಯಾಂಡ್ ಕೂಡ ನೋಡಿದೆ. ಪಂಕ್ಚರ್ ಅಂಗಡಿ ಮುಚ್ಚಿದವರದ್ದು ಒಂದಿತ್ತು, ಹೊಸ ನೀಲಿ ಪೇಂಟ್ ಹೊಡೆದು ಮದುಮಗನ ಹಾಗೆ ನಿಲ್ಲಿಸಿದ್ದರು. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮೇಲೆ ದುಡಿದ ನಮ್ಮ ಮಾವ ಜೊತೆಗೆ ಬಂದಿದ್ದರು. ಅವರು ಪಂಪಿನ ಕಡೆ ನೋಡಲೇ ಇಲ್ಲ. ಬಗ್ಗಿ ಟ್ಯಾಂಕಿನ ತಳಕ್ಕೆ ಕೈ ಹಾಕಿ, ಡ್ರೈನ್ ಕಾಕ್ ತಿರುಗಿಸಿ ಅಂಗೈ ಒಡ್ಡಿದರು. ಕಾಫಿ ಡಿಕಾಕ್ಷನ್ ಬಣ್ಣದ ನೀರು, ಅದರಲ್ಲಿ ತುಕ್ಕಿನ ಚಕ್ಕೆ. "ಪಂಪ್ ಹಾಳಾದ್ರೆ ರಿಪೇರಿ ಮಾಡಿಸ್ಬೋದಪ್ಪ, ಟ್ಯಾಂಕ್ ಒಡೆದ್ರೆ ನಿನ್ನನ್ನೇ ರಿಪೇರಿ ಮಾಡಿಸ್ಬೇಕು" ಅಂದರು. ತಳದಲ್ಲಿ ಒಂದು ಕಡೆ ವೆಲ್ಡಿಂಗ್ ತೇಪೆಯೂ ಇತ್ತು. ಅಲ್ಲಿಂದ ಎದ್ದು ಬಂದೆವು. ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುವುದು, ಹೊರಗಿನ ಪೇಂಟ್ ಏನೂ ಹೇಳುವುದಿಲ್ಲ.

ಕೊನೆಗೆ ತಗೊಂಡಿದ್ದು ಹೊಸದು: 2 ಎಚ್‌ಪಿ, ಸಿಂಗಲ್ ಫೇಸ್, ಬೀಡು ಕಬ್ಬಿಣದ ಸಿಲಿಂಡರ್, ಆಯಿಲ್ ಹಾಕುವಂಥದ್ದು, ಬೆಲ್ಟ್ ಡ್ರೈವ್. ಬೆಲ್ಟ್ ಯಾಕೆ ಅಂದರೆ, ನೇರ ಮೋಟರಿಗೆ ಕೂರಿಸಿದ ಅಗ್ಗದ ಪಂಪು ನಿಮಿಷಕ್ಕೆ 2800 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಬೆಲ್ಟಿನದ್ದು ದೊಡ್ಡ ಚಕ್ರ ಹಾಕಿ ಸಾವಿರದ ಆಸುಪಾಸಿಗೆ ಇಳಿಸಿರುತ್ತಾರೆ. ನಿಧಾನಕ್ಕೆ ತಿರುಗುವುದು ಕಮ್ಮಿ ಕಾಯುತ್ತದೆ, ಕಮ್ಮಿ ಸವೆಯುತ್ತದೆ, ಸದ್ದೂ ಸಹಿಸುವಷ್ಟು. ಶೀಟಿನ ಶೆಡ್ಡು, ಏಪ್ರಿಲ್ ಬಿಸಿಲು, ಗೋಡೆಗೆ ಅಂಟಿಕೊಂಡ ಪಕ್ಕದ ಮನೆ, ನನಗೆ ಮೂರೂ ಲೆಕ್ಕಕ್ಕೆ ಬಂದವು.

ಆನ್ ಆಫ್ ಆಗುವುದನ್ನು ಅಂಗಡಿಯಲ್ಲೇ ಕಿವಿಗೊಟ್ಟು ಕೇಳಿ. ಟ್ಯಾಂಕ್ ತುಂಬಿ ಕಟ್ ಆಫ್ ಆದ ತಕ್ಷಣ "ಟುಸ್" ಅಂತ ಸ್ವಲ್ಪ ಗಾಳಿ ಬಿಡಬೇಕು. ಪಂಪಿನ ತಲೆ ಮೇಲಿನ ಒತ್ತಡ ಇಳಿಸುವ ಸದ್ದು ಅದು. ಬಿಡದಿದ್ದರೆ ಮುಂದಿನ ಸಲ ಮೋಟರ್ ಒತ್ತಡದ ಎದುರಿಗೇ ಏಳಬೇಕು, ಗುಂಯ್ ಅಂದು ನಿಲ್ಲುತ್ತದೆ, ಎಂಸಿಬಿ ಬೀಳುತ್ತದೆ. ಟುಸ್ ಸದ್ದು ನಿಲ್ಲದೇ ಬರುತ್ತಲೇ ಇದ್ದರೆ ಟ್ಯಾಂಕಿನ ಗಾಳಿ ವಾಪಸ್ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಕೈಕೊಟ್ಟಿದೆ ಅಂತ.

ಕರೆಂಟಿನ ವಿಷಯಕ್ಕೆ ಬಂದರೆ, 2 ಎಚ್‌ಪಿ ಮೋಟರ್ ಓಡುವಾಗ 10 ಆಂಪಿಯರ್ ಹತ್ತಿರ ಎಳೆಯುತ್ತದೆ, ಏಳುವಾಗ ಅದರ ಐದಾರು ಪಟ್ಟು. 16 ಆಂಪಿಯರ್ ಪಾಯಿಂಟು, ಏಳುವಾಗಿನ ಆ ಎಳೆತಕ್ಕೆ ಬೀಳದ ಸಿ ಟೈಪ್ ಎಂಸಿಬಿ, ಕಮ್ಮಿಯೆಂದರೂ 2.5 ಚದರ ಎಂಎಂ ತಾಮ್ರದ ವೈರು ಬೇಕು. ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತಲೂ ಒಮ್ಮೆ ನೋಡಿಕೊಳ್ಳಿ. ಎಕ್ಸ್‌ಟೆನ್ಷನ್ ಬಾಕ್ಸ್ ಎಳೆಯಲೇಬೇಡಿ. ವೈರ್ ಉದ್ದ ಮಾಡುವ ಬದಲು ಗಾಳಿಯ ಪೈಪ್ ಉದ್ದ ಮಾಡಿ. ಆ ಪೈಪು ಪಿವಿಸಿ ಮಾತ್ರ ಆಗಬಾರದು. ನೀರಿನದ್ದು ಮಿಕ್ಕಿದೆ ಅಂತ ಹಾಕುವವರಿದ್ದಾರೆ, ಗಾಳಿ ತುಂಬಿದ ಪಿವಿಸಿ ಒಡೆದರೆ ಚೂರು ಚೂರಾಗಿ ಸಿಡಿಯುತ್ತದೆ.

ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ನಿಲ್ಲುವ ನೀರು ನೋಡಿದರೆ ಆಶ್ಚರ್ಯ ಆಗುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಡ್ರೈನ್ ತೆಗೆದು ಬಿಡುವುದು ನನಗೆ ರೂಢಿಯಾಗಿದೆ. ನೀರು ಹಿಡಿಯುವ ಫಿಲ್ಟರನ್ನು ಕಂಪ್ರೆಸರ್ ಬಾಯಿಗೇ ಸಿಕ್ಕಿಸಬೇಡಿ. ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಆವಿಯಾಗಿಯೇ ದಾಟಿಹೋಗುತ್ತದೆ. ನಾಲ್ಕಾರು ಮಾರು ಪೈಪ್ ಓಡಿ ತಣ್ಣಗಾದ ಮೇಲೆ, ಗನ್ನಿನ ಕಡೆಗೆ ಹಾಕಿದರೆ ಹಿಡಿಯುತ್ತದೆ. ಇಲ್ಲದಿದ್ದರೆ ಪಾಲಿಶ್ ಮೇಲೆ ಸಣ್ಣ ಸಣ್ಣ ಗುಳಿ ಬೀಳುತ್ತದೆ, ಮತ್ತೆ ಪೇಪರ್ ಹೊಡಿ, ಮತ್ತೆ ಕೋಟ್ ಹಾಕು.

ಆಯಿಲ್‌ಗೆ ಕಂಪ್ರೆಸರ್ ಆಯಿಲೇ ಆಗಬೇಕು, ಕಂಪನಿ ಪುಸ್ತಕದಲ್ಲಿ ಹೇಳಿದ ಗ್ರೇಡು. ಬೈಕಿಗೆ ತಂದಿದ್ದು ಮಿಕ್ಕಿದೆ ಅಂತ ಸುಮ್ನೆ ಸುರಿಯಬೇಡಿ. ಆಯಿಲ್ ಮಟ್ಟ ನೋಡುವ ಗಾಜಿನ ಕಣ್ಣಿನಲ್ಲಿ ಅದು ಹಾಲಿನಂತೆ ಬೆಳ್ಳಗೆ ಕಂಡರೆ ನೀರು ಸೇರಿದೆ, ಬದಲಿಸಬೇಕು.

ಇನ್ನು, ಇದೆಲ್ಲ ಸ್ಪ್ರೇ ಮಾಡುವವರ ಲೆಕ್ಕ. ನಿಮ್ಮ ಕೆಲಸ ಬರೀ ನೈಲರ್, ಬೈಕ್ ಟೈರಿಗೆ ಗಾಳಿ, ಧೂಳು ಊದುವುದು ಅಷ್ಟೇ ಆದರೆ 2 ಎಚ್‌ಪಿ ಯಾಕೆ? ಸದ್ದು ಕಮ್ಮಿ ಮಾಡುವ 25 ಲೀಟರಿನ ಆಯಿಲ್ ಫ್ರೀ ಧಾರಾಳ ಸಾಕು. ಒಬ್ಬರೇ ಎತ್ತಿಕೊಂಡು ಓಡಾಡಬಹುದು, ಉಳಿದ ದುಡ್ಡಿಗೆ ಒಂದು ಒಳ್ಳೇ ನೈಲರ್ ಬರುತ್ತದೆ.