ಪ್ರಿಂಟ್ ಹಾಕಿದರೆ ಮಾಯವಾಗುವ ದೋಷ: ಚಿಪ್‌ನ ಟ್ರೇಸ್ ಹಿಡಿಯುವುದು ಹೇಗೆ?

ನಾನು ಬರೆದಿದ್ದ ಒಂದು ಡ್ರೈವರ್ (ಹಾರ್ಡ್‌ವೇರ್ ನಡೆಸುವ ಕೋಡ್) ದಿನಕ್ಕೆ ಒಂದೆರಡು ಸಲ ಸಿಕ್ಕಿಹಾಕಿಕೊಳ್ಳುತ್ತಿತ್ತು. ಎಲ್ಲಿ ನಿಲ್ಲುತ್ತದೆ ನೋಡೋಣ ಅಂತ ನಾಲ್ಕು ಕಡೆ ಪ್ರಿಂಟ್ ಹಾಕಿದೆ. ದೋಷ ಮಾಯ. ಪ್ರಿಂಟ್ ತೆಗೆದೆ, ಮತ್ತೆ ಹಾಜರ್. ಎಂಬೆಡೆಡ್ ಕೆಲಸ ಮಾಡುವವರಿಗೆಲ್ಲ ಈ ಸಂಕಟ ಗೊತ್ತು. ಒಂದು ಪ್ರಿಂಟ್ ಸಾಲು ತಿನ್ನುವ ಚೂರು ಸಮಯವೇ ಸಾಕು, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ತಿರುಗುಮುರುಗಾಗುತ್ತದೆ.

ಇಂಥ ಕಡೆ ಕೋಡ್ ಮುಟ್ಟಬಾರದು. ಪ್ರೊಸೆಸರ್ ಓಡಿದ ದಾರಿಯನ್ನು, ಅಂದರೆ ಟ್ರೇಸನ್ನು, ಪ್ರೊಸೆಸರ್‌ನಿಂದಲೇ ಬರೆಸಿಕೊಳ್ಳಬೇಕು. ಆರ್ಮ್ ಚಿಪ್‌ಗಳಲ್ಲಿ ಅದಕ್ಕೆಂದೇ ಇರುವ ಹಾರ್ಡ್‌ವೇರ್ ಕೋರ್‌ಸೈಟ್. 2015ರ ಫೆಬ್ರವರಿಯಲ್ಲಿ ಬಂದ ಲಿನಕ್ಸ್ 3.19ರಿಂದ ಅದರ ಡ್ರೈವರ್‌ಗಳು ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೇ ಇವೆ. ಹಾಗಾಗಿ ದುಬಾರಿ ಡಿಬಗ್ಗರ್ ಇಲ್ಲದೆಯೂ, ಬರೀ ಟರ್ಮಿನಲ್‌ನಿಂದ ಈ ಕೆಲಸ ಆಗುತ್ತದೆ.

ಮೊದಲು ದಾರಿ ತಿಳಿದುಕೊಳ್ಳಿ

ಟ್ರೇಸ್ ಅನ್ನುವುದು ನೀರಿನ ಹಾಗೆ. ಹುಟ್ಟುವ ಜಾಗ, ಹರಿಯುವ ಕಾಲುವೆ, ಬಂದು ನಿಲ್ಲುವ ಕೆರೆ, ಮೂರೂ ಬೇಕು. ಸ್ನಾಪ್‌ಡ್ರ್ಯಾಗನ್ 410 ಚಿಪ್ ಇರುವ ಡ್ರ್ಯಾಗನ್‌ಬೋರ್ಡ್ 410ಸಿ ತೆಗೆದುಕೊಳ್ಳೋಣ. ಅದರಲ್ಲಿ ನಾಲ್ಕು ಕೋರ್‌ಗಳಿವೆ. ಪ್ರತಿ ಕೋರ್‌ಗೂ ಇಟಿಎಂ ಎಂಬ ಒಂದು ಟ್ರೇಸ್ ಘಟಕ ಅಂಟಿಕೊಂಡಿದೆ. ಟ್ರೇಸ್ ಹುಟ್ಟುವುದು ಅಲ್ಲೇ. ನಾಲ್ಕೂ ಹರಿವುಗಳು ಫನಲ್ ಎಂಬ ಲಾಳಿಕೆಯಲ್ಲಿ ಒಂದಾಗುತ್ತವೆ, ಇನ್ನೊಂದು ಫನಲ್ ದಾಟಿ ಇಟಿಎಫ್ ಎಂಬ ಸಣ್ಣ ತೊಟ್ಟಿಗೆ ಬರುತ್ತವೆ. ಮುಂದೆ ರೆಪ್ಲಿಕೇಟರ್ ಹತ್ತಿರ ದಾರಿ ಕವಲೊಡೆಯುತ್ತದೆ. ಒಂದು ಕವಲು ಟಿಪಿಐಯು ಕಡೆಗೆ, ಅಂದರೆ ಚಿಪ್‌ನ ಹೊರಗಿನ ಪಿನ್‌ಗಳಿಗೆ. ಇನ್ನೊಂದು ಇಟಿಆರ್ ಕಡೆಗೆ. ಇಟಿಆರ್ ಟ್ರೇಸನ್ನು ನೇರವಾಗಿ ರ‍್ಯಾಮ್‌ಗೆ ಬರೆಯುತ್ತದೆ. ನಮಗೆ ಬೇಕಾದ ಕೆರೆ ಇದೇ.

ನಾಲ್ಕು ಹರಿವು ಬೆರೆತ ಮೇಲೆ ಯಾವುದು ಯಾರದು ಅಂತ ಗೊತ್ತಾಗುವುದು ಹೇಗೆ? ಪ್ರತಿ ಮೂಲಕ್ಕೂ 7 ಬಿಟ್‌ನ ಒಂದು ಗುರುತು ಸಂಖ್ಯೆ ಇರುತ್ತದೆ. ಡೇಟಾವನ್ನು 16 ಬೈಟ್‌ಗಳ ಕಂತೆ ಮಾಡಿ, ಗುರುತನ್ನೂ ಅದರೊಳಗೇ ಸೇರಿಸುತ್ತಾರೆ.

ಈ ನಕ್ಷೆ ಕರ್ನಲ್‌ಗೆ ಗೊತ್ತಾಗುವುದು ಡಿವೈಸ್ ಟ್ರೀ ಫೈಲಿನಿಂದ. ಯಾವ ಘಟಕದ ಔಟ್ ಪೋರ್ಟ್ ಯಾವುದರ ಇನ್ ಪೋರ್ಟ್‌ಗೆ ಸೇರಿದೆ ಅಂತ ಅಲ್ಲಿ ಬರೆದಿರುತ್ತದೆ. ಕೋರ್‌ಸೈಟ್ ಡ್ರೈವರ್ ಆ ಕೊಂಡಿಗಳನ್ನು ಹಿಡಿದು ಮೂಲದಿಂದ ಕೆರೆಯವರೆಗೆ ದಾರಿ ಹುಡುಕುತ್ತದೆ, ನಡುವಿನ ತೂಬುಗಳನ್ನೆಲ್ಲ ತಾನೇ ತೆರೆಯುತ್ತದೆ. ಒಂದು ಕೊಂಡಿ ತಪ್ಪಿದರೂ ದಾರಿಯಿಲ್ಲ. ಹೊಸ ಬೋರ್ಡ್‌ನಲ್ಲಿ ಏನೂ ಬರುತ್ತಿಲ್ಲ ಅಂದರೆ ನಾನು ಮೊದಲು ತೆರೆಯುವುದು ಈ ಫೈಲನ್ನೇ.

ಕರ್ನಲ್ ಸಿದ್ಧತೆ

ಕರ್ನಲ್ ಮೆನುವಿನಲ್ಲಿ ಕರ್ನಲ್ ಹ್ಯಾಕಿಂಗ್ ವಿಭಾಗದ ಕೆಳಗೆ ಕೋರ್‌ಸೈಟ್ ಸಿಗುತ್ತದೆ. ಅದನ್ನೂ, ಅದರೊಳಗಿನ ಟಿಎಂಸಿ ಮತ್ತು ಇಟಿಎಂ 4ಎಕ್ಸ್ ಡ್ರೈವರ್‌ಗಳನ್ನೂ ಆನ್ ಮಾಡಿ ಬಿಲ್ಡ್ ಮಾಡಿ. ಇಟಿಎಫ್, ಇಟಿಆರ್ ಎರಡನ್ನೂ ನೋಡಿಕೊಳ್ಳುವುದು ಟಿಎಂಸಿ ಡ್ರೈವರ್ರೇ. ಬೂಟ್ ಆದ ಮೇಲೆ ಸಿಸ್ ಫೋಲ್ಡರ್ ಒಳಗೆ ಬಸ್, ಅದರೊಳಗೆ ಕೋರ್‌ಸೈಟ್, ಅದರೊಳಗೆ ಡಿವೈಸಸ್ ನೋಡಿ. ಇಟಿಎಂ 0, ಟಿಎಂಸಿ ಇಟಿಆರ್ 0, ಫನಲ್ 0 ಇಂಥ ಹೆಸರುಗಳು ಕಂಡರೆ ಅರ್ಧ ಕೆಲಸ ಮುಗಿಯಿತು. (ಹೆಸರುಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಅಂಕಿಯನ್ನು ಪದಕ್ಕೆ ಅಂಟಿಸಿ ಬರೆಯಬೇಕು, ಎರಡು ಪದಗಳ ನಡುವೆ ಅಂಡರ್‌ಸ್ಕೋರ್ ಬರುತ್ತದೆ.) ಮಾರಾಟಕ್ಕೆ ಬಿಡುವ ಫೋನ್‌ಗಳಲ್ಲಿ ಸಾಮಾನ್ಯವಾಗಿ ಟ್ರೇಸನ್ನು ಬಂದ್ ಮಾಡಿರುತ್ತಾರೆ. ಅದರ ಜೊತೆ ಗುದ್ದಾಡಬೇಡಿ, ಡೆವಲಪ್‌ಮೆಂಟ್ ಬೋರ್ಡ್ ಹಿಡಿಯಿರಿ.

ಕೋರ್ ಮಲಗದಂತೆ ನೋಡಿಕೊಳ್ಳಿ

ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಕೆಲಸವಿಲ್ಲದಾಗ ಕೋರ್‌ನ ವಿದ್ಯುತ್ತನ್ನು ಕರ್ನಲ್ ತೆಗೆದುಬಿಡುತ್ತದೆ. ಎಷ್ಟೋ ಚಿಪ್‌ಗಳಲ್ಲಿ ಆ ಕೋರ್‌ನ ಇಟಿಎಂ ಕೂಡ ಅದರ ಜೊತೆಗೇ ಆರಿಹೋಗುತ್ತದೆ, ನೀವು ಬರೆದ ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತದೆ. ಹೀಗಾಗುತ್ತದೆ ಅಂತ ಡಿವೈಸ್ ಟ್ರೀಯಲ್ಲಿ ಗುರುತು ಮಾಡಿದ್ದರೆ ಡ್ರೈವರ್ ಅವನ್ನು ಉಳಿಸಿಟ್ಟು ವಾಪಸ್ ತುಂಬುತ್ತದೆ. ಆದರೂ ಮೊದಲ ಪ್ರಯತ್ನದಲ್ಲಿ ಆಳವಾದ ನಿದ್ದೆಯನ್ನು ನಿಲ್ಲಿಸಿಬಿಡುವುದೇ ವಾಸಿ. ಪ್ರತಿ ಸಿಪಿಯುವಿನ ಸಿಪಿಯುಐಡಲ್ ಫೋಲ್ಡರ್‌ನಲ್ಲಿ ಸ್ಟೇಟ್ 1, ಸ್ಟೇಟ್ 2 ಅಂತ ಇರುತ್ತವೆ. ಅವುಗಳ ಡಿಸೇಬಲ್ ಫೈಲಿಗೆ 1 ಬರೆದರೆ ಆಯಿತು. ಟ್ರೇಸ್ ಅರ್ಧಕ್ಕೇ ನಿಂತಿದೆ ಅಂತ ಗಂಟೆಗಟ್ಟಲೆ ತಲೆ ಕೆಡಿಸಿಕೊಂಡು, ಕೊನೆಗೆ ಕೋರ್ ಸುಮ್ನೆ ಮಲಗಿತ್ತು ಅಂತ ಗೊತ್ತಾದವರಲ್ಲಿ ನಾನೂ ಒಬ್ಬ.

ಕೆರೆ ಮೊದಲು, ತೂಬು ಆಮೇಲೆ

ಈಗ ಓಡಿಸೋಣ. ಇಲ್ಲಿ ಸಿಂಕ್ ಅಂದರೆ ಕೆರೆ, ಸೋರ್ಸ್ ಅಂದರೆ ಟ್ರೇಸ್ ಹುಟ್ಟುವ ಮೂಲ. ರೂಟ್ ಆಗಿ ಲಾಗಿನ್ ಆಗಿ. ಟಿಎಂಸಿ ಇಟಿಆರ್ 0 ಫೋಲ್ಡರ್‌ನ ಎನೇಬಲ್ ಸಿಂಕ್ ಫೈಲಿಗೆ 1 ಬರೆಯಿರಿ. ಆಮೇಲೆ ಇಟಿಎಂ 0ರ ಎನೇಬಲ್ ಸೋರ್ಸ್ ಫೈಲಿಗೆ 1 ಬರೆಯಿರಿ. ಕ್ರಮ ತಪ್ಪಬಾರದು. ನೀರು ಎಲ್ಲಿಗೆ ಹೋಗಬೇಕು ಅಂತ ಮೊದಲು ಹೇಳಿದರೆ ತಾನೇ ಡ್ರೈವರ್ ದಾರಿ ಕಟ್ಟುವುದು?

ಹಿಡಿಯಬೇಕಾದ ಘಟನೆ ಆದ ತಕ್ಷಣ ಎನೇಬಲ್ ಸೋರ್ಸ್‌ಗೆ 0 ಬರೆದು ನಿಲ್ಲಿಸಿ. ಡೆವ್ ಫೋಲ್ಡರ್‌ನಲ್ಲಿರುವ ಟಿಎಂಸಿ ಇಟಿಆರ್ 0 ಅನ್ನು ಡಿಡಿ ಆಜ್ಞೆಯಿಂದ ಒಂದು ಫೈಲಿಗೆ ಇಳಿಸಿಕೊಳ್ಳಿ.

ಈ ಕೆರೆಗೆ ಕೋಡಿ ಇಲ್ಲ. ತುಂಬಿದ ಮೇಲೆ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತದೆ. ಕೊನೆಯ ಭಾಗ ಮಾತ್ರ ಉಳಿಯುತ್ತದೆ. ಇಟಿಆರ್‌ನ ಬಫರ್ ಸೈಜ್ ಹೆಚ್ಚಿಸಬಹುದು, ಆದರೆ ಅದಕ್ಕಿಂತ ಒಳ್ಳೆಯದು ಬೇಕಾದಷ್ಟನ್ನೇ ಬರೆಸುವುದು. ಇಟಿಎಂನ ಆಡ್ರ್ ರೇಂಜ್ (ಆಡ್ರ್ ಅಂದರೆ ಅಡ್ರೆಸ್‌ನ ಕಿರುರೂಪ) ಫೈಲಿಗೆ ನಿಮ್ಮ ಡ್ರೈವರ್ ಕೋಡ್‌ನ ಮೊದಲ ಮತ್ತು ಕೊನೆಯ ವಿಳಾಸ ಬರೆಯಿರಿ. ವಿಳಾಸಗಳು ಪ್ರೊಕ್ ಫೋಲ್ಡರ್‌ನ ಕಾಲ್‌ಸಿಮ್ಸ್ ಫೈಲಿನಲ್ಲಿ ಸಿಗುತ್ತವೆ.

ನಿಮ್ಮ ದೋಷ ಕರ್ನಲ್‌ನಲ್ಲಿ ಅಲ್ಲ, ಒಂದು ಸಾಮಾನ್ಯ ಪ್ರೋಗ್ರಾಂನಲ್ಲಿದ್ದರೆ ಲಿನಕ್ಸ್‌ನ ಪರ್ಫ್ ಎಂಬ ಸಾಧನ ಸಲೀಸು. ಪರ್ಫ್ ರೆಕಾರ್ಡ್‌ಗೆ ಸಿಎಸ್ ಇಟಿಎಂ ಎಂಬ ಈವೆಂಟ್ ಕೊಟ್ಟರೆ, ಆ ಪ್ರೋಗ್ರಾಂ ಕೋರ್ ಮೇಲೆ ಬಂದಾಗ ಮಾತ್ರ ಇಟಿಎಂ ಆನ್ ಆಗುತ್ತದೆ. ಎರಡೂ ವಿಧಾನವನ್ನು ಒಟ್ಟಿಗೆ ಬಳಸಲು ಹೋದರೆ ಡಿವೈಸ್ ಬಿಝಿ ಅನ್ನುತ್ತದೆ.

ಓದುವುದು

ಇಳಿಸಿಕೊಂಡ ಫೈಲನ್ನು ಹಾಗೇ ತೆರೆದರೆ ಏನೂ ಅರ್ಥವಾಗುವುದಿಲ್ಲ. ಇಟಿಎಂ ಪ್ರತಿ ಸೂಚನೆಯನ್ನೂ ಬರೆಯುವುದಿಲ್ಲ. ಕೋಡ್‌ನಲ್ಲಿ ಕವಲು ಬಂದಾಗ ತಿರುಗಿದೆನೋ ನೇರ ಹೋದೆನೋ, ಅಷ್ಟೇ. ವಿಳಾಸವನ್ನು ಊಹಿಸಲು ಆಗದ ಕಡೆ ಮಾತ್ರ ವಿಳಾಸ ಕೊಡುತ್ತದೆ. "ನೇರ, ತಿರುವು, ನೇರ" ಅಂತ ಯಾರೋ ದಾರಿ ಹೇಳಿದರೆ ಊರಿನ ನಕ್ಷೆ ಕೈಯಲ್ಲಿರಬೇಕು, ಅಲ್ವಾ? ಇಲ್ಲಿ ನಕ್ಷೆ ಅಂದರೆ ಓಡಿದ ಬೈನರಿ, ಅಂದರೆ ಬಿಲ್ಡ್ ಮಾಡಿದಾಗ ಸಿಗುವ ಫೈಲು. ಓಪನ್‌ಸಿಎಸ್‌ಡಿ ಎಂಬ ಲೈಬ್ರರಿ ಎರಡನ್ನೂ ಜೋಡಿಸಿ ದಾರಿ ಬಿಡಿಸುತ್ತದೆ. ಪರ್ಫ್ ಬಳಸುವುದಾದರೆ ಅದನ್ನು ಈ ಲೈಬ್ರರಿ ಸೇರಿಸಿಯೇ ಬಿಲ್ಡ್ ಮಾಡಿರಬೇಕು. ಓಡಿದ್ದು ಯಾವ ಬೈನರಿಯೋ ಅದನ್ನೇ ಕೊಡಿ. ನಡುವೆ ಒಂದು ಸಾಲು ಬದಲಿಸಿ ಮತ್ತೆ ಬಿಲ್ಡ್ ಮಾಡಿದ್ದರೆ, ಬರುವ ಉತ್ತರ ನಂಬುವ ಹಾಗೇ ಇರುತ್ತದೆ, ಆದರೆ ಪೂರ್ತಿ ತಪ್ಪಾಗಿರುತ್ತದೆ.

ನನ್ನ ಡ್ರೈವರ್‌ನ ಟ್ರೇಸ್ ಬಿಡಿಸಿದಾಗ ಕೊನೆಯ ಕೆಲವು ಸಾಲುಗಳಲ್ಲೇ ಉತ್ತರವಿತ್ತು. ಕೋಡ್ ಫ್ಲಾಗ್ ನೋಡಿತ್ತು, ಅದಿನ್ನೂ ಸೊನ್ನೆ. ಕಾಯಲು ಹೊರಟಿತ್ತು, ಆದರೆ ಇನ್ನೂ ಮಲಗಿರಲಿಲ್ಲ. ಆ ಸಂದಿಯಲ್ಲೇ ಇಂಟರಪ್ಟ್ (ಹಾರ್ಡ್‌ವೇರ್ ಕೊಡುವ ಕರೆ) ಬಂದು, ಎಬ್ಬಿಸುವ ಕೆಲಸ ಮುಗಿಸಿ ಹೋಗಿತ್ತು. ಆಮೇಲೆ ಮಲಗಿದ ಕೋಡನ್ನು ಎಬ್ಬಿಸಲು ಯಾರೂ ಉಳಿದಿರಲಿಲ್ಲ.